ತಲೆಸನ್ನೆ

ಸಿಂಕಿಗೆ ಬಿಸಿನೀರು ತುಂಬಿಸಿ, ಅದಕ್ಕೆ ವಿನೆಗರ್ ಸುರಿದು, ಆಲ್ತಿಯಾ ಕೂದಲ ಕಟ್ಟುಗಳನ್ನು ಒಂದೊಂದಾಗಿ ಮುಳುಗಿಸಿದಳು. ಸ್ವಂತ ಕೂದಲಿಗೆ ಸೇರಿಸಿ ಹೆಣೆಯಲು ಅಂಗಡಿಯಿಂದ ತಂದ ಕೂದಲು. ತೊಳೆಯದೆ ಹಾಗೆಯೇ ಹೆಣೆದುಬಿಟ್ಟರೆ ನೆತ್ತಿ ಕೆರೆಯತೊಡಗಿ, ಬಿಗಿದ ಜಡೆಗಳ ನಡುವೆ ಉಗುರು ಇಳಿಯದೆ, ವಾರವಿಡೀ ತಲೆ ತಟ್ಟಿಕೊಳ್ಳುತ್ತ ಓಡಾಡಬೇಕಾಗುತ್ತದೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಬಿಳಿಯ ಪೊರೆಯೊಂದು ಎದ್ದಿತು. ಅಂಗೈಯಿಂದ ಸರಿಸಿದಳು. ಮತ್ತೆ ಕೂಡಿಕೊಂಡಿತು. ಅಡುಗೆಮನೆಯಲ್ಲಿ ಮೂವರಿದ್ದರೂ ಯಾರೂ ಮಾತಾಡುತ್ತಿರಲಿಲ್ಲ. ಅವಳ ಬೆನ್ನ ಹಿಂದೆ ವರ್ಡೆಲ್ ದೊಡ್ಡಮ್ಮ ಕುರ್ಚಿಯ ತುದಿಗೆ ಕೂತು, ಮೊಣಕಾಲುಗಳ ನಡುವೆ ನೆಲದ ದಿಂಬಿನ ಮೇಲೆ ಮಗಳು ಕಮೀಷಾಳನ್ನು ಕೂರಿಸಿಕೊಂಡು, ಬಾಚಣಿಗೆಯ ಚೂಪು ಬಾಲದಿಂದ ಮೊದಲ ಬೈತಲೆ ತೆಗೆಯುತ್ತಿದ್ದಳು. ಮೊದಲ ಬೈತಲೆ ಹಣೆಯಿಂದ ಕತ್ತಿನವರೆಗೆ ನೇರವಾಗಿ ಇಳಿಯುವ ತನಕ ಈ ಮನೆಯಲ್ಲಿ ಮಾತಿಲ್ಲ. ಅದು ದೊಡ್ಡಮ್ಮನ ಕಾಯಿದೆ. ಬೇರೆ ದಿನಗಳಲ್ಲಿ ಈ ಮೌನ ಆಲ್ತಿಯಾಳಿಗೆ ಇಷ್ಟ. ಎಲ್ಲರೂ ತನ್ನ ಹಾಗೆಯೇ ಬಾಯಿಮುಚ್ಚಿಕೊಂಡಿರುವ ಹೊತ್ತು ಇದೊಂದೇ. ಇವತ್ತು ಮಾತ್ರ ಯಾರಾದರೂ ಏನಾದರೂ ಅಂದರೆ ಸಾಕು ಅನ್ನಿಸುತ್ತಿತ್ತು. ಫ್ರಿಜ್ಜಿನ ತಲೆಯ ಮೇಲೆ ಲ್ಯಾಪ್‌ಟಾಪ್ ಮುಚ್ಚಿಕೊಂಡು ಮಲಗಿತ್ತು. ಅವಳು ಅದರ ಕಡೆ ನೋಡಲಿಲ್ಲ. ಆದರೆ ನೋಡದೆ ಇರುವುದಕ್ಕೆ ಮೈಯೆಲ್ಲ ಬಿಗಿಹಿಡಿದಿದ್ದಳು.

ಸಂಜೆ ಹೊಸ ವಿಡಿಯೊ ಇಂಟರ್ನೆಟ್ಟಿಗೆ ಹೋಗುವುದಿತ್ತು. ಕಮೀಷಾ ಊರೂರು ತಿರುಗಿ ಆ ಊರುಗಳನ್ನು ಜನರಿಗೆ ತೋರಿಸುತ್ತಾಳೆ. ಆಲ್ತಿಯಾ ಕ್ಯಾಮೆರಾ ಹಿಡಿಯುತ್ತಾಳೆ, ಮನೆಗೆ ಬಂದು ಕತ್ತರಿಸಿ ಜೋಡಿಸುತ್ತಾಳೆ. ಹನ್ನೊಂದನೇ ತರಗತಿಯಲ್ಲಿ, ಎದ್ದು ನಿಂತು ಪಾಠ ಒಪ್ಪಿಸಬೇಕಾದ ದಿನ ಶಾಲೆಯ ಗೇಟಿನಿಂದಲೇ ವಾಪಸು ಬಂದವಳು ಮತ್ತೆ ಹೋಗಿರಲಿಲ್ಲ. ಕ್ಯಾಮೆರಾದ ಹಿಂದೆ ಯಾರೂ ಏನನ್ನೂ ಒಪ್ಪಿಸು ಅನ್ನುವುದಿಲ್ಲ. ಅಲ್ಲಿ ನಿಂತು ಅವಳು ಕಲಿತದ್ದು ತನ್ನದೇ ವಿದ್ಯೆ: ಬಿಳಿ ಮರಳಿನ ಮುಂದೆ ಕಪ್ಪು ಮುಖವಿಟ್ಟರೆ ಕ್ಯಾಮೆರಾ ತಾನಾಗಿ ಮರಳನ್ನೇ ನೋಡುತ್ತದೆ, ಮುಖ ನೆರಳಾಗಿಬಿಡುತ್ತದೆ, ಮುಖ ಬೇಕೆಂದರೆ ಆಕಾಶ ಸುಟ್ಟು ಬೆಳ್ಳಗಾಗಲಿ ಎಂದು ಬಿಡಬೇಕು. ಕಮೀಷಾಳ ವಿಡಿಯೊಗಳಲ್ಲಿ ಆಕಾಶ ನೀಲಿಯಿರುವುದಿಲ್ಲ. ನೋಡುವವರು ಅದನ್ನು ಕೇಳುವುದೂ ಇಲ್ಲ. ನೋಡುವವರೆಲ್ಲ ಹೆಚ್ಚುಕಡಿಮೆ ನಮ್ಮ ಕಪ್ಪು ಹೆಂಗಸರೇ. ಡೆಟ್ರಾಯಿಟ್‌ನ ದಾದಿಯರು, ಮೆಂಫಿಸ್‌ನ ಟೀಚರುಗಳು, ಮಕ್ಕಳನ್ನು ದೊಡ್ಡವರು ಮಾಡಿ ಮುಗಿಸಿ ಈಗ ಒಮ್ಮೆ ಸಮುದ್ರ ನೋಡೋಣ ಅನ್ನುವವರು. ಅವರು ಕೇಳುವುದು ಒಂದೇ. ಅಲ್ಲಿ ಯಾರಾದರೂ ತಲೆಯಾಡಿಸಿದರಾ? ಎಲ್ಲ ಮುಖಗಳೂ ಬಿಳಿಯಾಗಿರುವ ಊರಿನಲ್ಲಿ ನಮ್ಮವರಿಗೆ ನಮ್ಮವರೊಬ್ಬರು ಎದುರಾದರೆ, ಗುರುತಿರಲಿ ಬಿಡಲಿ, ಕಣ್ಣಿಗೆ ಕಣ್ಣು ಕೊಟ್ಟು ಗದ್ದವನ್ನು ಒಂದಿಷ್ಟು ಕೆಳಗಿಳಿಸುತ್ತಾರೆ. ನಗುವಿಲ್ಲ, ಮಾತಿಲ್ಲ. ಕಂಡೆ, ಅಷ್ಟೆ. ಎದುರಿನವರು ಅದನ್ನು ಹಿಂದಿರುಗಿಸುತ್ತಾರೆ. ಹಿಂದಿರುಗಿಸದೆ ಹೋಗುವುದು ಅಂದರೆ ಚಾಚಿದ ಕೈಯನ್ನು ಬಿಟ್ಟು ಹೋದ ಹಾಗೆ. ಕಮೀಷಾ ಪ್ರತಿ ವಿಡಿಯೊವನ್ನೂ ಆ ಸನ್ನೆಯಿಂದಲೇ ಮುಗಿಸುತ್ತಾಳೆ. ಸಿಗದಿದ್ದ ಕಡೆ, ‘ಇಲ್ಲಿ ಯಾರೂ ಸಿಗ್ಲಿಲ್ಲ ಕಣ್ರೇ, ಮುಂದಿಂದು ನಿಮಗೆ ಬಿಟ್ಟಿದ್ದು’ ಎಂದು ಸೂಟ್‌ಕೇಸು ಎಳೆದುಕೊಂಡು ಹೊರಟುಬಿಡುತ್ತಾಳೆ. ಎರಡು ಸಲ ಹಾಗೆಯೇ ಆಗಿತ್ತು. ಈ ಸಲವೂ ಹಾಗೆಯೇ ಹೇಳಬಹುದಿತ್ತು ಎಂಬುದೇ ಆಲ್ತಿಯಾಳನ್ನು ಬೆಳಗಿನಿಂದ ಸಿಂಕಿನ ಮುಂದೆ ನಿಲ್ಲಿಸಿತ್ತು.

‘ಆಯ್ತು,’ ಎಂದಳು ದೊಡ್ಡಮ್ಮ. ಬೈತಲೆ ಇಳಿದಿತ್ತು. ‘ಈಗ ಉಸಿರಾಡಿ ಎಲ್ರೂ.’

‘ಅಮ್ಮಾ, ಇಷ್ಟು ಬಿಗೀಬೇಡ. ಕಣ್ಣು ಕಿವಿಗೆ ಹೋಗತ್ತೆ.’

‘ಹೋಗ್ಲಿ. ಹಿಂದಿಂದೂ ಕಾಣತ್ತೆ ಆಗ. ಮುಂದಿನ್ ವಿಡಿಯೊಗೆ ಬೆಟ್ಟಕ್ಕೆ ಹೋಗೋಳು ನೀನು, ಹಿಂದೆ ಕರಡಿ ಬಂದ್ರೆ ಗೊತ್ತಾಗ್ಬೇಕಲ್ಲ. ಆಲ್ತಿಯಾ, ಆ ಕೂದ್ಲೇನು ಇವತ್ತು ಬೇಯ್ತಾ ಇದ್ಯಾ ಹೇಗೆ?’

ಅವಳು ಕಟ್ಟುಗಳನ್ನೆತ್ತಿ ಹಿಂಡಿದಳು. ಈ ಸಲ ಟಾರ್ವರ್ ದ್ವೀಪದಿಂದ ಬಂದ ಆಹ್ವಾನವನ್ನು ಮೊದಲು ಓದಿದವಳು ಅವಳೇ. ಅಂಥ ಕಡೆಗಳಿಂದ ಯಾರೂ ಕರೆದಿರಲಿಲ್ಲ. ಅಲ್ಲಿಯವರೆಗೂ ಅವರು ತಾವಾಗಿ ಹೋದ ಊರುಗಳೇ. ದ್ವೀಪದ ಪ್ರವಾಸ ಕಚೇರಿಯ ಹೆಂಗಸು ದೋಣಿಯಿಂದ ಇಳಿಯುತ್ತಿದ್ದಂತೆಯೇ ಕಮೀಷಾಳ ಎರಡೂ ಕೈ ಹಿಡಿದುಕೊಂಡಿದ್ದಳು. ವಿಡಿಯೊ ಮಾಡುವ ಬೇರೆಯವರೂ ಬಂದಿದ್ದರು, ಹುಡುಗರು ಹುಡುಗಿಯರು, ಎಲ್ಲ ಬಿಳಿಯರು, ಎಲ್ಲರಿಗೂ ಒಬ್ಬರಿಗೊಬ್ಬರ ಪರಿಚಯವಿದ್ದಂತಿತ್ತು. ಎಲ್ಲಿ ಗುಂಪಿನ ಫೋಟೊ ತೆಗೆದರೂ ಆ ಹೆಂಗಸು ‘ಕಮೀಷಾ, ಮುಂದೆ ಬನ್ನಿ, ಮುಂದೆ’ ಅನ್ನುತ್ತಿದ್ದಳು. ದೀಪಸ್ತಂಭದ ಹತ್ತಿರ ಮುಂದೆ, ಸೈಕಲ್ಲುಗಳ ಹತ್ತಿರ ಮುಂದೆ. ರಾತ್ರಿ ಕೋಣೆಯಲ್ಲಿ ಕಮೀಷಾ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ‘ಇನ್ನೊಂದ್ ಸಲ ಮುಂದೆ ಬನ್ನಿ ಅಂದ್ರೆ ಸಮುದ್ರಕ್ಕೇ ಬೀಳ್ತೀನಿ ಕಣೇ’ ಎಂದು ನಕ್ಕಿದ್ದಳು. ಆಲ್ತಿಯಾ ನಕ್ಕಿರಲಿಲ್ಲ. ಮುಂದೆ ಬನ್ನಿ ಎಂದು ಕೂಗಿಸಿಕೊಳ್ಳುವುದು ಒಂದು ಬಗೆಯಾದರೆ, ಆ ದಿನಗಳಲ್ಲೆಲ್ಲ ತನ್ನನ್ನು ಯಾರೂ ಏನೆಂದೂ ಕೂಗದಿದ್ದುದು ಇನ್ನೊಂದು ಬಗೆ ಎಂದು ಅವಳಿಗೆ ಅನ್ನಿಸಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಿ ನೋಡುತ್ತ ನಿದ್ದೆ ಹೋಗಿದ್ದಳು.

ಬಾಗಿಲು ಕಿರುಗುಟ್ಟಿ, ಬಟ್ಟೆ ಮುಚ್ಚಿದ ಪಾತ್ರೆಯೊಂದು ಮೊದಲು ಒಳಗೆ ಬಂದಿತು. ಅದರ ಹಿಂದೆ ಮಿಸ್ ಅರ್ನಸ್ಟೀನ್ ಬಂದರು. ಬೀದಿಯ ಕೊನೆಯ ಮನೆಯವರು. ಇಲ್ಲಿ ಹಿರಿಯ ಹೆಂಗಸರಿಗೆ, ಮದುವೆಯಾಗಿದ್ದರೂ, ಮಿಸ್ ಎಂದೇ ಗೌರವ. ಮೇಕನ್ ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಕಮೀಷಾಳದ್ದಾದ ಮೇಲೆ ಅವರ ತಲೆಯ ಸರದಿ.

‘ಬಾಗ್ಲು ಹೀಗೆ ತೆಗ್ದಿಟ್ಟು ಕೂತಿದ್ದೀಯಲ್ಲ ವರ್ಡೆಲ್, ಕಳ್ಳ ಬಂದ್ರೆ?’

‘ಬಂದ್ರೆ ಅವ್ನ ತಲೇನೂ ಹೆಣೆದು ಕಳಿಸ್ತೀನಿ. ಏನದು ಪಾತ್ರೇಲಿ?’

‘ಪೀಚ್ ಹಣ್ಣಿನ ಕಾಬ್ಲರ್, ಈಗಷ್ಟೇ ಒಲೆಯಿಂದ ತೆಗ್ದಿದ್ದು. ನಿನಗಲ್ಲ, ಈ ಮಕ್ಕಳಿಗೆ. ನಿನಗೆ ಸಕ್ಕರೆ ಕಾಯ್ಲೆ ಇದೆ.’ ಅವರು ಕುರ್ಚಿ ಎಳೆದುಕೊಂಡು, ಚಪ್ಪಲಿ ಬಿಚ್ಚಿ, ಊದಿದ ಪಾದಗಳನ್ನು ಇನ್ನೊಂದು ಕುರ್ಚಿಯ ಮೇಲಿಟ್ಟರು. ‘ಇವತ್ತಲ್ವಾ ಕಮೀಷಾ ನಿನ್ ದ್ವೀಪ ಬರೋದು? ಚರ್ಚಿನ ಹೆಂಗಸ್ರೆಲ್ಲ ನನ್ ಕುತ್ತಿಗೆ ಮೇಲೆ ಕೂತಿದಾರಪ್ಪ. ಎಲ್ಲಿಗೆ ಹೋಗೋದು ಅರ್ನಸ್ಟೀನ್, ಯಾವಾಗ ಹೋಗೋದು ಅರ್ನಸ್ಟೀನ್. ಬಸ್ ಓಡ್ಸಿದ್ ತಪ್ಪಿಗೆ ದಾರಿ ಎಲ್ಲ ನನಗೇ ಗೊತ್ತಿರ್ಬೇಕಂತೆ. ನಾನಂದೆ, ಆ ಹುಡುಗಿ ವಿಡಿಯೊ ಬರ್ಲಿ. ಅಲ್ಲಿ ಒಬ್ರಾದ್ರೂ ತಲೆ ಆಡ್ಸಿದ್ರೆ ಹೋಗೋಣ, ಇಲ್ದಿದ್ರೆ ಇಲ್ಲೇ ಕೆರೆ ಹತ್ರ ಕೂತು ಮೀನು ತಿನ್ನೋಣ.’

ಆಲ್ತಿಯಾಳ ಕೈಯಿಂದ ಒದ್ದೆ ಕಟ್ಟೊಂದು ಜಾರಿ ಮತ್ತೆ ನೀರಿಗೆ ಬಿದ್ದಿತು. ಯಾರೂ ಗಮನಿಸಲಿಲ್ಲ. ಇದುವರೆಗೆ ಅವಳು ಯೋಚಿಸಿದ್ದು ಡೆಟ್ರಾಯಿಟ್, ಮೆಂಫಿಸ್. ಪರದೆಯ ಆಚೆಗಿನ, ಹೆಸರಿಲ್ಲದ ಹೆಂಗಸರು. ಈ ಊದಿದ ಪಾದಗಳು ಆ ದ್ವೀಪದ ಮರದ ಹಲಗೆ ಹಾಸಿದ ದಾರಿಯ ಮೇಲೆ ನಡೆಯಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

‘ಒಂದ್ಸಲ ಪ್ರವಾಸ ಹೋಗಿದ್ರಲ್ಲ ನೀವು, ಅಂಕಲ್ ಜತೆ,’ ಎಂದಳು ಕಮೀಷಾ, ತಲೆಯಲುಗಿಸದೆ.

‘ಅದೇನ್ ಹೋಗಿದ್ದು. ಸರೋವರದ ಪಕ್ಕ ಹೋಟೆಲ್ಲು. ನಾನು ಹಳದಿ ಫ್ರಾಕು, ಅವ್ರು ಟೋಪಿ. ಬಾಗಿಲಲ್ಲಿರೋ ಹುಡುಗಿ ನೋಡಿದ್ಲು, ಬಟ್ಟೆ ಒಗೆಯೋ ಕೆಲಸಕ್ಕೆ ಬಂದಿದ್ರೆ ಹಿಂದಿನ್ ಬಾಗ್ಲಿಗೆ ಹೋಗಿ ಅಂದ್ಲು. ಬಯ್ದಿದ್ರೆ ಬಯ್ಯಬಹುದಿತ್ತು. ಅವಳು ಒಳ್ಳೇ ಮಾತಲ್ಲೇ ಅಂದ್ಲು, ಪಾಪ, ನಗ್ತಾ. ಕಾರು ತಿರುಗಿಸ್ಕೊಂಡ್ ಬಂದ್ವಿ. ಪೆಟ್ರೋಲ್ ಬಂಕಿನ ಹತ್ರ ಕಾರಲ್ಲೇ ಕೂತು ಕೋಳಿ ತಿಂದ್ವಿ.’ ಅವರು ಪಾದಗಳನ್ನು ನೋಡಿಕೊಂಡರು. ‘ಕೋಳಿ ಚೆನ್ನಾಗಿತ್ತು ಅನ್ನು.’

ದೊಡ್ಡಮ್ಮ ನಕ್ಕಳು. ಮಿಸ್ ಅರ್ನಸ್ಟೀನರೂ ನಕ್ಕರು. ಆಲ್ತಿಯಾ ಕೂದಲನ್ನು ಟವೆಲಿನ ಮೇಲೆ ಹರಡಿ ನೇವರಿಸುತ್ತ ನಿಂತಳು. ಒಳ್ಳೇ ಮಾತಲ್ಲೇ, ನಗ್ತಾ. ದ್ವೀಪದ ಕೊನೆಯ ದಿನ ಹೋಟೆಲಿನವರು ಊಟವಿಟ್ಟಿದ್ದರು. ಕತ್ತಲೆಯಲ್ಲಿ ಕಣ್ಣಿಗೆ ಬೀಳಬಾರದೆಂದು ಅವಳು ಯಾವಾಗಲೂ ಕರಿಯ ಅಂಗಿ, ಕರಿಯ ಪ್ಯಾಂಟು ಹಾಕಿಕೊಂಡೇ ಚಿತ್ರ ತೆಗೆಯುತ್ತಾಳೆ. ಬಡಿಸುವವರ ಬಟ್ಟೆಯೂ ಅದೇ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಗುಂಗುರು ಕೂದಲಿನ ಹುಡುಗಿಯೊಬ್ಬಳು, ಬೆಳಗ್ಗೆ ಇವರ ಜೊತೆಯಲ್ಲೇ ಸೈಕಲ್ಲು ಹೊಡೆದಿದ್ದವಳು, ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ, ಖಾಲಿ ಗ್ಲಾಸೊಂದನ್ನು ಇವಳತ್ತ ಚಾಚಿದ್ದಳು. ಆಲ್ತಿಯಾ ಅದನ್ನು ತೆಗೆದುಕೊಂಡಳು. ಕೈ ತಾನಾಗಿ ತೆಗೆದುಕೊಂಡಿತು. ‘ಥ್ಯಾಂಕ್ಸ್, ಡಿಯರ್’ ಎಂದಿದ್ದಳು ಹುಡುಗಿ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಯಾರದೋ ತುಟಿಯ ಬಣ್ಣ ಅಂಟಿದ ಗ್ಲಾಸು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಒತ್ತಿಕೊಂಡು ನಿಂತಿರುವಾಗಲೇ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಒಬ್ಬಾಕೆ ಬಂದಳು. ನಡುವಯಸ್ಸಿನವಳು, ನಮ್ಮವಳು, ಕೈಯಲ್ಲಿ ತಟ್ಟೆಗಳು. ಆ ದಿನಗಳಲ್ಲಿ ಆ ದ್ವೀಪದಲ್ಲಿ ಕಂಡ ಮೊದಲ ಕಪ್ಪು ಮುಖ. ಅವಳು ಇಡೀ ಕೋಣೆಯನ್ನು ನೋಡಿದಳು. ಮೇಜುಗಳ ನಡುವೆ ನಗುತ್ತಿದ್ದ ಕಮೀಷಾಳ ಬೆನ್ನನ್ನು ದಾಟಿ, ಗೋಡೆಯ ಹತ್ತಿರ ಇವಳನ್ನು, ಇವಳ ಕೈಯ ಗ್ಲಾಸನ್ನು ಕಂಡಳು. ಗದ್ದ ಇಳಿಸಿದಳು.

ಅವಳೂ ನನ್ನನ್ನು ಕೆಲಸದವಳು ಅಂದುಕೊಂಡಳು. ಆ ಕ್ಷಣ ಆಲ್ತಿಯಾಳ ಒಳಗೆ ಎದ್ದ ಮಾತು ಅದೊಂದೇ, ಎದ್ದದ್ದು ಎಷ್ಟು ಬೇಗವೆಂದರೆ ತಡೆಯಲು ಆಗಲಿಲ್ಲ. ನಾನು ನಿನ್ನ ಜೊತೆಯವಳಲ್ಲ, ಅತಿಥಿ. ಅವಳು ಕಣ್ಣನ್ನು ಕ್ಯಾಮೆರಾದ ಪುಟ್ಟ ಪರದೆಗೆ ಇಳಿಸಿದಳು. ಪರದೆಯಲ್ಲೂ ಆಕೆಯೇ ಇದ್ದಳು. ಕ್ಯಾಮೆರಾ ಓಡುತ್ತಲೇ ಇತ್ತು. ಆಕೆ ಕಾಯ್ದಳು. ಇನ್ನೂ ಸ್ವಲ್ಪ ಕಾಯ್ದಳು. ಆಮೇಲೆ ಮುಖ, ಕಿಟಕಿಯ ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುವ ಹಾಗೆ, ಮುಚ್ಚಿಕೊಂಡಿತು. ಇವಳ ಕೈಯಿಂದ ಆ ಗ್ಲಾಸನ್ನು ತೆಗೆದು ತನ್ನ ತಟ್ಟೆಗಳ ಮೇಲಿಟ್ಟುಕೊಂಡು ಹೋದಳು.

ಮನೆಗೆ ಬಂದ ವಾರ, ಕಳಿಸಿದ ಕರಡು ವಿಡಿಯೊ ನೋಡಿ ಕಚೇರಿಯ ಹೆಂಗಸು ಬರೆದಿದ್ದಳು. ಎಲ್ಲ ಚೆನ್ನಾಗಿದೆ, ಆಕಾಶ ಇನ್ನಷ್ಟು ನೀಲಿಯಾದರೆ ಸಂತೋಷ, ಮತ್ತು ಕೊನೆಯಲ್ಲಿ ನಿಮ್ಮ ಆ ಮುದ್ದಾದ ತಲೆಯಾಡಿಸುವ ಗಳಿಗೆಯನ್ನು ಮರೆಯಬೇಡಿ, ನಮ್ಮ ದ್ವೀಪದ್ದೂ ಇರಲಿ. ಉತ್ತರ ಬರೆಯುವ ಕೆಲಸ ಆಲ್ತಿಯಾಳದ್ದು. ಕಮೀಷಾ ಇಂಥದ್ದನ್ನು ನೋಡುವುದಿಲ್ಲ, ತನ್ನ ದನಿ ತನಗೇ ಕೇಳಲಾಗದು ಎಂದು ಮುಗಿದ ವಿಡಿಯೊವನ್ನೂ ಎಲ್ಲರ ಜೊತೆ ಒಂದೇ ಸಲ ನೋಡುತ್ತಾಳೆ. ಇಲ್ಲ ಎಂದು ಬರೆಯಲು ಆಲ್ತಿಯಾಳಿಗೆ ಬೆರಳು ಬರಲಿಲ್ಲ. ‘ಆಗಲಿ’ ಎಂದು ಬರೆದಳು. ಆಮೇಲೆ ಆಕೆಯ ಗದ್ದ ಇಳಿಯುವ ತುಂಡನ್ನು ತೆಗೆದು, ಕಾಯುವ ಮುಖ ಕಾಣುವ ಮೊದಲೇ ಕತ್ತರಿಸಿ, ಅದರ ಬೆನ್ನಿಗೆ ವಸಂತದಲ್ಲಿ ಬೇರೆ ಯಾವುದೋ ಊರಿನಲ್ಲಿ ಕಮೀಷಾ ಬೇರೆ ಯಾರಿಗೋ ತಲೆಯಾಡಿಸಿದ್ದ, ಎಲ್ಲೂ ಬಳಸದೆ ಉಳಿದಿದ್ದ ತುಂಡನ್ನು ಅಂಟಿಸಿದಳು. ಎರಡರ ಬೆಳಕನ್ನೂ ಬಹಳ ಹೊತ್ತು ಕೂತು ಹೊಂದಿಸಿದಳು. ಹೊಂದಿದ ಮೇಲೆ ನೋಡಿದರೆ ಎಷ್ಟು ಸಹಜವಾಗಿತ್ತೆಂದರೆ, ಒಂದು ಗಳಿಗೆ ಅವಳಿಗೇ ಸಮಾಧಾನವಾಯಿತು. ಆಕೆಗೆ ಉತ್ತರ ಸಿಕ್ಕಿತಲ್ಲ. ಕಚೇರಿಯವರು ಹಿಂದೆ ಮುಂದೆ ಮಾಡಿ ನೋಡಿ, ಕಣ್ಣಲ್ಲಿ ನೀರು ಬಂತು ಎಂದು ಬರೆದರು.

‘ಸಂಜೆವರೆಗೂ ಯಾಕೆ ಕಾಯೋದು?’ ಎಂದರು ಮಿಸ್ ಅರ್ನಸ್ಟೀನ್. ‘ಮಾಡಿರೋಳು ಇಲ್ಲೇ ಇದಾಳೆ, ಮಾಡಿದ್ದೂ ಇಲ್ಲೇ ಇದೆ. ಹಾಕು ಮಗಳೇ.’

ಆಲ್ತಿಯಾ ಕಮೀಷಾಳ ಕಡೆ ನೋಡಿದಳು. ಅರ್ಧ ತಲೆ ಹೆಣೆದು ಅರ್ಧ ತಲೆ ಮೋಡದ ಹಾಗೆ ಎದ್ದು ನಿಂತಿದ್ದ ಕಮೀಷಾ, ‘ಹಾಕು ಹಾಕು. ಬಾಯ್ಗೊಂಚೂರು ಕಾಬ್ಲರೂ ಹಾಕು,’ ಎಂದಳು.

ಅವಳು ಲ್ಯಾಪ್‌ಟಾಪ್ ಇಳಿಸಿ ಟಿವಿಗೆ ಸೇರಿಸಿದಳು. ಯಾರೂ ಗುರುತಿಸದಿರಲಿ ಎಂದುಕೊಂಡಳು. ಮರುಗಳಿಗೆಗೆ, ಗುರುತಿಸದೆ ಹೋದರೆ, ಈ ಮುದುಕಿ ಹಳದಿ ಫ್ರಾಕಿನ ನೆನಪು ಹೊತ್ತುಕೊಂಡು ಅಲ್ಲಿಗೆ ಹೋದರೆ, ಎಂದುಕೊಂಡಳು. ಎರಡನ್ನೂ ಅಂದುಕೊಂಡವಳು ಅವಳೇ. ಪರದೆಯಲ್ಲಿ ದೋಣಿ ಹೊರಟಿತು. ಕಮೀಷಾ ಗಾಳಿಗೆ ಸೊಂಟದವರೆಗಿನ ಜಡೆಗಳನ್ನು ಹಿಡಿದುಕೊಂಡು ನಕ್ಕಳು. ‘ನೋಡು ಆ ಬೈತಲೆ ಚೌಕಗಳನ್ನ,’ ಎಂದಳು ದೊಡ್ಡಮ್ಮ, ಕೈ ನಿಲ್ಲಿಸದೆ. ‘ಹೆಂಚು ಹಾಸಿದ ಹಾಗಿದೆ. ಬೆನ್ನು ಮುರ್ದು ಮಾಡಿದ್ದೆ.’ ಮಿಸ್ ಅರ್ನಸ್ಟೀನ್ ಸಮುದ್ರಕ್ಕೆ ‘ಹ್ಞೂಂ’ ಎಂದರು, ಹುರಿದ ಸಿಗಡಿಗೆ ‘ಹ್ಞೂಂ ಹ್ಞೂಂ’ ಎಂದರು. ಊಟದ ಕೋಣೆ ಬಂತು. ಬಾಗಿಲು ತಳ್ಳಿಕೊಂಡು ಆಕೆ ಬಂದಳು. ಗದ್ದ ಇಳಿಸಿದಳು. ಮಿಸ್ ಅರ್ನಸ್ಟೀನರ ಗದ್ದವೂ ತಾನಾಗಿ, ಕುರ್ಚಿಯಲ್ಲಿ ಕೂತಲ್ಲೇ, ಇಳಿಯಿತು. ಅದಕ್ಕುತ್ತರವಾಗಿ ಕಮೀಷಾ ತಲೆ ಬಾಗಿಸಿದಳು. ಬಾಗಿಸಿದ್ದರಿಂದ ನೆತ್ತಿ ಕ್ಯಾಮೆರಾಕ್ಕೆ ಕಂಡಿತು.

ದೊಡ್ಡಮ್ಮನ ಕೈ ನಿಂತಿತು.

‘ನಿಲ್ಸು ಅದನ್ನ. ಹಿಂದಕ್ಕೆ ಹೋಗು. ಇನ್ನೂ. ಅಲ್ಲೇ.’

ಟಿವಿಯ ತುಂಬ ಕಮೀಷಾಳ ಬಾಗಿದ ತಲೆ. ನೆತ್ತಿಯ ಮೇಲೆ ಬೈತಲೆಗಳು ಚೌಕವಾಗಿರಲಿಲ್ಲ. ತ್ರಿಕೋನ ತ್ರಿಕೋನವಾಗಿ, ಒಂದರ ತುದಿ ಇನ್ನೊಂದರ ಬುಡಕ್ಕೆ ಸೇರಿಕೊಂಡು, ಅಚ್ಚುಕಟ್ಟಾಗಿ ಕೂತಿದ್ದವು. ಆಲ್ತಿಯಾ ಬೆಳಕನ್ನು ಹೊಂದಿಸಿದ್ದಳು, ಚರ್ಮದ ಬಣ್ಣ ಹೊಂದಿಸಿದ್ದಳು, ಹಿಂದಿನ ಗೋಡೆಯನ್ನು ಮಸುಕುಗೊಳಿಸಿದ್ದಳು. ಹುಟ್ಟಿದಂದಿನಿಂದ ಈ ಅಡುಗೆಮನೆಯಲ್ಲಿ ಬೈತಲೆಗಳನ್ನೇ ನೋಡುತ್ತ ಬೆಳೆದವಳಿಗೆ ಅದೊಂದು ಕಂಡಿರಲಿಲ್ಲ. ಕಚೇರಿಯವರಿಗೂ ಕಂಡಿರಲಿಲ್ಲ, ಅವರು ಎಷ್ಟು ಸಲ ನೋಡಿದ್ದರೂ ಕಾಣುತ್ತಿರಲಿಲ್ಲ. ಆದರೆ ಸಂಜೆ ಇದನ್ನು ನೋಡಲಿದ್ದ ಹೆಂಗಸರಲ್ಲಿ ಒಬ್ಬಳಿಗೂ ಕಾಣದೆ ಇರುತ್ತಿರಲಿಲ್ಲ.

‘ಅದು ಯಾರ ಕೈ?’ ಎಂದಳು ದೊಡ್ಡಮ್ಮ.

‘ಅಮ್ಮಾ...’

‘ಯಾರ ಕೈ ಅಂದೆ.’

‘ಸವಾನಾದಲ್ಲಿ ಒಂದಂಗಡಿ. ಏಪ್ರಿಲ್ಲಲ್ಲಿ. ನಿನಗೆ ಕೈ ನೋವಿತ್ತಲ್ಲ.’

‘ವಿಗ್ ಹಾಕ್ಕೊಂಡಿದ್ದೆ ಅಂದ್ಯಲ್ಲೇ ನನಗೆ! ಫೋನಲ್ಲಿ ಕೇಳ್ದಾಗ ವಿಗ್ಗು ಅಂದೆ! ನಾನಿಲ್ಲಿ ಕೈಗೆ ಬಿಸಿನೀರಿನ ಚೀಲ ಕಟ್ಕೊಂಡು ಕೂತಿದೀನಿ, ಇವಳು ಊರಾಚೆ ಹೋಗಿ ಯಾರ್ಯಾರಿಗೋ ತಲೆ ಕೊಟ್ಟು...’

‘ಸ್ವಲ್ಪ ತಡಿ ವರ್ಡೆಲ್,’ ಎಂದರು ಮಿಸ್ ಅರ್ನಸ್ಟೀನ್. ಅವರು ಪಾದಗಳನ್ನು ಕೆಳಗಿಳಿಸಿ ಟಿವಿಯ ಕಡೆ ಬಾಗಿದ್ದರು. ‘ಏಪ್ರಿಲ್ ಅಂದ್ರೆ. ದ್ವೀಪಕ್ಕೆ ಹೋಗಿದ್ದು ಅದಾದ್ಮೇಲೆ, ಚೌಕದ ತಲೇಲಿ. ಆ ತಲೆ ದ್ವೀಪಕ್ಕೇ ಹೋಗಿಲ್ಲ.’

ಕಮೀಷಾ ಮೆಲ್ಲಗೆ ತಿರುಗಿದಳು. ಜಡೆಯೊಂದು ಇನ್ನೂ ತಾಯಿಯ ಬೆರಳಲ್ಲೇ ಇತ್ತು.

‘ನಾನಲ್ಲಿ ಯಾರಿಗೂ ತಲೆ ಆಡ್ಸಿಲ್ಲ,’ ಎಂದಳು. ‘ಈ ಹೆಂಗಸ್ನ ನಾನು ನೋಡೇ ಇಲ್ಲ. ಆಲ್ತಿಯಾ?’

ಶಾಲೆಯ ಗೇಟು ನೆನಪಾಯಿತು. ಹಿಂದಿನ ಬಾಗಿಲು ತೆರೆದೇ ಇತ್ತು. ಮೆಟ್ಟಿಲಿಳಿದರೆ ಅಂಗಳ, ಅಂಗಳದಾಚೆ ಬೀದಿ. ಅವಳು ಇಳಿಯಲಿಲ್ಲ. ಟವೆಲಿನ ಅಂಚನ್ನು ನೋಡುತ್ತ ಹೇಳಿದಳು. ಮಾತು ಹಿಂದುಮುಂದಾಗಿ ಬಂತು. ಮೊದಲು ಗ್ಲಾಸು, ಆಮೇಲೆ ಅಂಗಿ, ಆಮೇಲೆ ಆ ಹುಡುಗಿ. ‘ಆಕೆ ಆಡ್ಸಿದ್ದು ನನಗೆ. ನಾನು ಗ್ಲಾಸ್ ಹಿಡ್ಕೊಂಡಿದ್ದೆ. ನಾನು ಆಡ್ಸಿಲ್ಲ. ನನ್ನೂ ಕೆಲಸದವಳು ಅಂದ್ಕೊಂಡ್ಲು ಅಂತ... ಅಲ್ಲ ಅಂತ ತೋರಿಸ್ಬೇಕು ಅನ್ನಿಸ್ತು. ಯಾರಿಗೆ ತೋರಿಸ್ಬೇಕಿತ್ತೋ ಗೊತ್ತಿಲ್ಲ. ಕಾಯ್ದ್ಲು. ಆಮೇಲೆ ಗ್ಲಾಸ್ ತಗೊಂಡ್ ಹೋದ್ಲು.’ ಇಷ್ಟು ಮಾತನ್ನು ಅವಳು ಒಟ್ಟಿಗೆ ಈ ಮನೆಯಲ್ಲಿ ಎಂದೂ ಆಡಿರಲಿಲ್ಲ. ಮುಗಿದದ್ದೇ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಗಿ, ನಾಚಿಕೆಯಾಗುವಷ್ಟು ಹಸಿವಾಯಿತು.

‘ನನ್ ತಲೆ ಕಣೇ ಅದು,’ ಎಂದಳು ಕಮೀಷಾ. ದನಿ ಗಟ್ಟಿಯಿರಲಿಲ್ಲ, ಅದಕ್ಕೇ ಹೆಚ್ಚು ತಾಗಿತು. ‘ನನ್ನ ಕೇಳ್ದೆ ನನ್ ತಲೆ ಆಡ್ಸಿದ್ಯಾ? ಇಷ್ಟು ವರ್ಷ ಅವರೆಲ್ಲ ನಂಬೋದು ಅದೊಂದನ್ನೇ. ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ ಅಂತೀನಲ್ಲ ನಾನು?’

‘ಹ್ಞೂಂ.’

‘ಹ್ಞೂಂ ಅಂತೆ.’

‘ಗ್ಲಾಸು ಯಾರು ಕೊಟ್ಟಿದ್ದು? ಆ ಗುಂಗುರು ತಲೆಯವಳಾ?’ ಎಂದು ದೊಡ್ಡಮ್ಮ ಕೇಳಿದಳು. ‘ಸಿಗ್ಲಿ ಅವಳು, ತಲೆ ಹೆಣೀತೀನಿ. ಬಿಗಿಯಾಗಿ.’

ಕಮೀಷಾ ನಗಬಾರದೆಂದು ತುಟಿ ಕಚ್ಚಿಕೊಂಡಳು; ಮೂಗಿನಿಂದ ನಗು ಬಂದೇಬಿಟ್ಟಿತು. ಬಂದದ್ದಕ್ಕೆ ಸಿಟ್ಟಾಗಿ, ‘ನಗ್ತಿಲ್ಲ ನಾನು,’ ಎಂದಳು. ‘ಅವತ್ತೇ ಯಾಕ್ ಹೇಳ್ಲಿಲ್ಲ ನನಗೆ ಗ್ಲಾಸಿನ ವಿಷಯ? ಅವತ್ತು ರಾತ್ರೀನೂ ನಾನು ಮುಂದೆ ಬನ್ನಿ ಮುಂದೆ ಬನ್ನಿ ಅಂತ ನಗಿಸ್ತಿದ್ದೆ, ನೀನು ಸುಮ್ನೆ ಗೋಡೆ ನೋಡ್ತಿದ್ದೆ.’

ಕಮೀಷಾ ಕೈ ಚಾಚಿ ಆಲ್ತಿಯಾಳ ಒದ್ದೆ ಕಾಲುಚೀಲದ ಹೆಬ್ಬೆರಳನ್ನು ಹಿಡಿದು ಎಳೆದಳು, ಚಿಕ್ಕಂದಿನಲ್ಲಿ ಎಬ್ಬಿಸಲು ಎಳೆಯುತ್ತಿದ್ದ ಹಾಗೆ.

ಮಿಸ್ ಅರ್ನಸ್ಟೀನ್ ಮಾತ್ರ ಟಿವಿಯಿಂದ ಕಣ್ಣು ತೆಗೆದಿರಲಿಲ್ಲ. ‘ನಿಜವಾದ್ದನ್ನ ಹಾಕು,’ ಎಂದರು. ‘ಕತ್ತರಿಸದೆ ಇರೋದು.’

ಆಲ್ತಿಯಾ ಹಾಕಿದಳು. ಬಾಗಿಲು. ತಟ್ಟೆಗಳು. ಇಳಿದ ಗದ್ದ. ಕಾಯುವ ಮುಖ. ಒಬ್ಬಳೇ ಕೂತು ನೋಡುವಾಗ ಆ ಕಾಯುವುದು ಮುಗಿಯುತ್ತಲೇ ಇರಲಿಲ್ಲ. ಈಗ, ಮೂವರ ನಡುವೆ, ಅದು ಬರೀ ಒಂದು ಉಸಿರಿನಷ್ಟಿತ್ತು. ಆಮೇಲೆ ಆಕೆಯ ಕೈ ಪರದೆಯ ಅಂಚಿಗೆ ಬಂದು ಗ್ಲಾಸನ್ನು ತೆಗೆದುಕೊಂಡಿತು. ಆ ಕೈ ಗ್ಲಾಸನ್ನು ಕಿತ್ತುಕೊಳ್ಳಲಿಲ್ಲ. ಆಲ್ತಿಯಾಳ ಬೆರಳುಗಳನ್ನು ಒಂದು ಗಳಿಗೆ ಮುಚ್ಚಿ, ಬಿಡಿಸಿ, ಭಾರ ಇಳಿಸಿಕೊಂಡ ಹಾಗೆ ತೆಗೆದುಕೊಂಡಿತು. ಅದು ಅವಳಿಗೆ ನೆನಪೇ ಇರಲಿಲ್ಲ. ಬೆಳಕನ್ನು ಹೊಂದಿಸುವಾಗಲೂ ಕಂಡಿರಲಿಲ್ಲ. ಕೈ ಬರುವ ಆ ತುಂಡನ್ನು ಅವಳು ನೋಡದೆಯೇ ಕತ್ತರಿಸಿ ಎಸೆದಿದ್ದಳು.

‘ಅವಳು ಮೊದ್ಲು ಆಡ್ಸಿದ್ದು,’ ಎಂದರು ಮಿಸ್ ಅರ್ನಸ್ಟೀನ್. ‘ನೀನು ನೋಡೋಕ್ ಮುಂಚೆ.’

‘ಹೌದು.’

‘ಹಾಗಾದ್ರೆ ಇದಾಳೆ ಅಲ್ಲಿ ಒಬ್ಳು.’ ಅವರು ಬೆನ್ನನ್ನು ಕುರ್ಚಿಗೆ ಒರಗಿಸಿದರು. ‘ನನಗೆ ಒಬ್ಳು ಸಾಕು. ನಿನಗೆ ಬಾಯಿ ಬರಲ್ಲ ಅಂತ ಅವಳಿಗೇನ್ ಗೊತ್ತು. ನಾಳೆ ನಾನ್ ಹೋದ್ರೆ ನನಗೂ ಆಡಿಸ್ತಾಳೆ. ಆ ಕಾಬ್ಲರ್ ತಿನ್ನೇ, ಮುಖ ನೋಡು ಹೇಗಾಗಿದೆ.’

ಅವಳು ನಿಂತಲ್ಲೇ ಪಾತ್ರೆಯಿಂದಲೇ ಚಮಚದಲ್ಲಿ ತಿಂದಳು. ಪೀಚ್ ಇನ್ನೂ ಬೆಚ್ಚಗಿತ್ತು.

‘ಈ ಮುಖ ಹಾಕೋಕಾಗಲ್ಲ,’ ಎಂದಳು ಕಮೀಷಾ. ‘ಆಕೇನ ಕೇಳಿದ್ಯಾ ನೀನು? ಇಲ್ಲ. ಕೆಲಸದಲ್ಲಿರೋಳು. ಅವಳ ಮಾಲೀಕರು ನೋಡ್ತಾರೆ, ಊರವರು ನೋಡ್ತಾರೆ. ನನ್ ತಲೆ ತೆಗಿ, ಅವಳ ಮುಖಾನೂ ತೆಗಿ. ಕಚೇರಿಯವರಿಗೆ ನಾನು ಹೇಳ್ಕೋತೀನಿ.’

‘ಮತ್ತೆ ಏನಿಡೋದು?’

‘ಬಾಗ್ಲಿಡು. ಬಾಗ್ಲು ಅಲ್ಲಾಡ್ತಿರತ್ತಲ್ಲ, ಅವಳು ಹೋದ್ಮೇಲೆ. ಅದಿಟ್ಟು ನೀನ್ ಹೇಳು.’

‘ನಾನಾ?’

‘ಮತ್ತೆ ನಾನಾ? ನನಗಾ ಅವಳು ಆಡ್ಸಿದ್ದು? ಈಗ ಹೇಳಿದ್ಯಲ್ಲ, ಅದನ್ನೇ ಹೇಳು. ಗ್ಲಾಸು ಅಂಗಿ ಎಲ್ಲ ಬೇಕಾಗಿಲ್ಲ. ಬೇಕಿದ್ರೆ ಹೇಳು.’

ವಿಡಿಯೊಗೆ ದನಿ ಹಿಡಿಯುವುದು ಹಜಾರದಲ್ಲಿ ಕೋಟುಗಳನ್ನಿಡುವ ಪುಟ್ಟ ಗೂಡುಕೋಣೆಯಲ್ಲಿ. ಅಲ್ಲಿ ಹೊರಗಿನ ಸದ್ದು ಬರುವುದಿಲ್ಲ, ಗೋಡೆಯಿಂದ ಗೋಡೆಗೆ ಮಾತು ಪುಟಿಯುವುದಿಲ್ಲ. ಕಮೀಷಾ ತನ್ನ ಮಾತುಗಳನ್ನೆಲ್ಲ ಅಲ್ಲೇ ಆಡುತ್ತಾಳೆ, ಆಲ್ತಿಯಾ ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲುತ್ತಾಳೆ. ಇವತ್ತು ಬಾಗಿಲು ಹಿಡಿಯಲು ಯಾರೂ ಬರಲಿಲ್ಲ. ಅಡುಗೆಮನೆಯಲ್ಲಿ ಮತ್ತೆ ಸವಾನಾದ ಅಂಗಡಿಯ ಜಗಳ ಶುರುವಾಗಿತ್ತು, ತ್ರಿಕೋನ ಒಳ್ಳೆಯದೋ ಚೌಕ ಒಳ್ಳೆಯದೋ ಎಂದು ಮಿಸ್ ಅರ್ನಸ್ಟೀನ್ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದರು. ಅವಳು ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಸದ್ದು ನಿಂತಿತು. ಚರ್ಚಿಗೆ ಹೋಗುವ ಕೋಟುಗಳು, ಯಾರೂ ಹಾಕದ ಮಳೆಯಂಗಿಗಳು ಭುಜಕ್ಕೆ ತಾಗಿದವು. ಎದ್ದು ನಿಂತು ಒಪ್ಪಿಸುವುದು ಅಂದರೆ ಇದೇ ಎಂದು ಅವಳಿಗೆ ಅನ್ನಿಸಿತು. ಆದರೆ ಹೆದರಿಕೆ ಹುಡುಕಿದರೆ ಅದು ಇರಬೇಕಾದ ಜಾಗದಲ್ಲಿರಲಿಲ್ಲ. ಅಲ್ಲಿ ಬರೀ ಪೀಚಿನ ಸಿಹಿ ಇತ್ತು, ಕತ್ತಲೆ ಇತ್ತು, ಯಾರದೋ ಬೆರಳುಗಳು ತನ್ನ ಬೆರಳುಗಳನ್ನು ಮುಚ್ಚಿ ಬಿಡಿಸಿದ ಆ ಗಳಿಗೆ ಇತ್ತು.

ಅವಳು ರೆಕಾರ್ಡರಿನ ಗುಂಡಿ ಒತ್ತಿದಳು. ಪುಟ್ಟ ಕೆಂಪು ದೀಪ ಹತ್ತಿತು.

‘ಈ ದ್ವೀಪದಲ್ಲಿ ಒಬ್ರು ತಲೆ ಆಡ್ಸಿದ್ರು,’ ಎಂದಳು. ‘ನನಗೆ. ನಾನು ವಾಪಸ್ ಆಡ್ಸಿಲ್ಲ.’

ಕೋಟಿನ ತೋಳೊಂದನ್ನು ಭುಜದಿಂದ ಸರಿಸಿದಳು. ಅವಳು ಅವಸರಪಡಲಿಲ್ಲ.

‘ನೀವು ಅಲ್ಲಿಗೆ ಹೋದ್ರೆ, ಊಟದ ಕೋಣೇಲಿ ಅಡುಗೆಮನೆ ಬಾಗ್ಲ ಕಡೆ ಒಂದ್ಸಲ ನೋಡಿ. ಆಕೆ ಬಂದ್ರೆ, ನೀವೇ ಮೊದ್ಲು ಆಡ್ಸಿ.’